ನೆಲದೊಳಗಿನ ತೈಲದ ಜಾಡು

ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಾದ ನೀರಲ್ಲ. ಮಳೆಯ ನೀರು ಮಣ್ಣಿನ ಪದರಗಳಲ್ಲಿ ಸೋಸಿಕೊಂಡು ಕೆಳಗಿಳಿದು ಅಂತರ್ಜಲವಾಗುತ್ತದೆ. ಆದರೆ ನೀರಿಳಿಯುವ ದಾರಿಯಲ್ಲಿಯೇ ಪೆಟ್ರೋಲು, ಕಚ್ಚಾ ತೈಲ ಮೊದಲಾದವುಗಳೂ ಇಳಿಯಬಲ್ಲವು. ಇವುಗಳಲ್ಲಿ ಬೆಂಜೀನ್ ಎಂಬ ಪದಾರ್ಥವಿದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಒಂದು ಗ್ರಾಮಿನ ಲಕ್ಷದಲ್ಲೊಂದು ಭಾಗಕ್ಕಿಂತ ಹೆಚ್ಚು ಬೆಂಜೀನ್ ಇರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಎಂದರೆ, ಒಂದೇ ಒಂದು ಗ್ರಾಂ ಬೆಂಜೀನ್ ಒಂದು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲುದು!

ಹೀಗೆ ನೆಲಕ್ಕಿಳಿದ ತೈಲದ ಜಾಡನ್ನು ಹಿಡಿಯುವುದು ಹೇಗೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಬೆಮಿಜಿ ಎಂಬ ಪಟ್ಟಣವಿದೆ. ೧೯೭೯ರ ಆಗಸ್ಟ್ ೨೦ರಂದು ಅದರ ವಾಯವ್ಯಕ್ಕೆ ಸುಮಾರು ೧೬ ಕಿ.ಮೀ. ದೂರದಲ್ಲಿ ಕಚ್ಚಾ ತೈಲದ ಕೊಳವೆಯೊಂದು ಒಡೆದು, ಸುಮಾರು ೧೭ ಲಕ್ಷ ಲೀಟರ್ ತೈಲ ಹೊರಚೆಲ್ಲಿತು. ಮಡುಗಟ್ಟಿದ ತೈಲವನ್ನು ಎತ್ತಿದರು, ಕೆಲವನ್ನು ಸುಟ್ಟರು, ತೈಲ ಹೀರಿದ ಮಣ್ಣನ್ನು ಅಗೆದು ತೆಗೆದರು. ಆದರೂ ಸುಮಾರು ೪ ಲಕ್ಷ ಲೀಟರ್ ತೈಲ ಅಲ್ಲಿಯೇ ಉಳಿಯಿತು. ಮರಳು ಜಲ್ಲಿಗಳ ಆ ನೆಲದಲ್ಲಿ ಅದು ಇಳಿಯುತ್ತ ಅಂತರ್ಜಲವನ್ನು ಮುಟ್ಟಿತು. ಕಣ್ಣಿಗೆ ಕಾಣದ ಆ ತೈಲ ಎಲ್ಲಿದೆ, ಎತ್ತ ಸಾಗುತ್ತಿದೆ, ಏನಾಗುತ್ತಿದೆ? ೧೯೮೩ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಈ ಪ್ರಶ್ನೆಗಳ ಬೆನ್ನು ಹತ್ತಿತು.

ಇಂತಹ ಶೋಧನೆಯಲ್ಲಿ ಮೊದಲನೆಯದು ಮಣ್ಣಿನ ಪರೀಕ್ಷೆ. ನೆಲಕ್ಕೆ ಕೊಳವೆಯಿಳಿಸಿ ಬೇರೆ ಬೇರೆ ಆಳಗಳಿಂದ ಮಣ್ಣನ್ನು ತೆಗೆಯುತ್ತಾರೆ. ಬೆಂಜೀನಿನಂತಹ ಪದಾರ್ಥಗಳು ಬೇಗನೆ ಆವಿಯಾಗುವುದರಿಂದ ಮಣ್ಣಿನ ಮಾದರಿಯನ್ನು ಕೂಡಲೇ ಬಿಗಿಯಾಗಿ ಮುಚ್ಚಿ, ಮಂಜುಗಡ್ಡೆಯಲ್ಲಿರಿಸಿ ಪ್ರಯೋಗಶಾಲೆಗೆ ಕಳುಹಿಸಬೇಕು. ಈ ಎಚ್ಚರ ತಪ್ಪಿದರೆ ಕೆಟ್ಟ ಮಣ್ಣೂ ಒಳ್ಳೆಯದೆಂದು ತೋರೀತು.

ಎರಡನೆಯದು ವೀಕ್ಷಣಾ ಬಾವಿ. ಇದು ಕುಡಿಯುವ ನೀರಿನ ಬಾವಿಯಲ್ಲ. ಕೆಳತುದಿಯಲ್ಲಿ ಸಣ್ಣ ಸೀಳುಗಳುಳ್ಳ ಕಿರಿದಾದ ಕೊಳವೆ. ತೈಲವು ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲ್ಮೈಯಲ್ಲಿ ನಿಲ್ಲುತ್ತದೆ. ಅದರಲ್ಲಿನ ಕರಗುವ ಅಂಶಗಳು ಮಾತ್ರ ನೀರಿನೊಡನೆ ಮುಂದಕ್ಕೆ ಸಾಗುತ್ತವೆ. ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳನ್ನಾದರೂ ತೋಡಿ, ಅವುಗಳ ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ ಲೆಕ್ಕಹಾಕಿ ಹೋಲಿಸಿದರೆ ನೀರು ಹರಿಯುವ ದಿಕ್ಕು ತಿಳಿಯುತ್ತದೆ. ಹರಿವಿನ ಮೇಲ್ಗಡೆಯ ಬಾವಿಯ ನೀರು ತೈಲ ಸೋಕದ ನೀರು. ಕೆಳಗಡೆಯ ಬಾವಿಗಳ ನೀರನ್ನು ಅದರೊಡನೆ ಹೋಲಿಸಿ ಮಾಲಿನ್ಯದ ಗಡಿಯನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಒಂದು ಸಲದ ಪರೀಕ್ಷೆ ಸಾಲದು. ಋತುಮಾನಕ್ಕೆ ತಕ್ಕಂತೆ ನೀರಿನ ಮಟ್ಟ ಏರಿಳಿಯುವುದರಿಂದ ಮತ್ತೆ ಮತ್ತೆ ಅಳೆಯಬೇಕಾಗುತ್ತದೆ.

ಬೆಮಿಜಿಯಲ್ಲಿ ಹೀಗೆ ತಾಳ್ಮೆಯಿಂದ ಅಳೆದವರಿಗೆ ಒಂದು ಅಚ್ಚರಿ ಕಾದಿತ್ತು. ಕರಗಿದ ವಿಷಪದಾರ್ಥಗಳು ಅಂತರ್ಜಲ ಸಾಗಿದಷ್ಟು ದೂರ ಸಾಗಿರಲಿಲ್ಲ. ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳೇ ಅವನ್ನು ಆಹಾರವಾಗಿಸಿಕೊಂಡು ವಿಭಜಿಸುತ್ತಿದ್ದವು. ತೈಲದ ಬಳಿ ಆಮ್ಲಜನಕ ಮುಗಿದುಹೋದಾಗ, ಮಣ್ಣಿನ ಕಬ್ಬಿಣವನ್ನು ಬಳಸಿ ಬದುಕುವ ಬೇರೆ ಜೀವಿಗಳು ಆ ಕೆಲಸವನ್ನು ಮುಂದುವರಿಸಿದವು. ಅದೂ ತೀರಿದೆಡೆಯಲ್ಲಿ ಮಿಥೇನ್ ಅನಿಲವನ್ನು ಉತ್ಪಾದಿಸುವ ಜೀವಿಗಳು ನೆಲೆಸಿದವು.

ಹಾಗೆಂದು ಪ್ರಕೃತಿಯೇ ಎಲ್ಲವನ್ನೂ ಸರಿಪಡಿಸುವುದೆಂದು ಕೈಕಟ್ಟಿ ಕೂರುವಂತಿಲ್ಲ. ಕಬ್ಬಿಣದ ಖನಿಜಗಳು ಕರಗಿದಂತೆಲ್ಲ ಅವುಗಳಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಎಂಬ ವಿಷವೂ ಬಿಡುಗಡೆಯಾಗಿ ನೀರಿಗೆ ಸೇರಿದ್ದು ಅಲ್ಲಿಯೇ ಕಂಡುಬಂದಿದೆ. ನಲವತ್ತು ವರ್ಷಗಳು ಕಳೆದರೂ ಆ ನೆಲದ ತೈಲ ಪೂರ್ತಿಯಾಗಿ ಅಳಿಯಲಿಲ್ಲ. ಒಂದು ದಿನದ ಅನಾಹುತವನ್ನು ಅಳಿಸಲು ಒಂದು ತಲೆಮಾರೂ ಸಾಲದಾಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಫಲ? ಪೆಟ್ರೋಲ್ ಬಂಕಿನ ನೆಲದಡಿಯ ತೊಟ್ಟಿಯಾಗಲಿ, ತೈಲ ಸಾಗಿಸುವ ಕೊಳವೆಯಾಗಲಿ ಸೋರುವ ಮೊದಲೇ ಅದನ್ನು ಪರೀಕ್ಷಿಸುವುದು ಜಾಣತನ. ಸೋರಿದ್ದು ತಿಳಿದೊಡನೆ ಮುಚ್ಚಿಡದೆ ಸಂಬಂಧಪಟ್ಟವರಿಗೆ ತಿಳಿಸುವುದು ನಾಗರಿಕ ಧರ್ಮ. ನೆಲದಡಿಯ ನೀರಿಗೆ ಬೇಲಿಯಿಲ್ಲ. ಒಬ್ಬರ ಹೊಲದಲ್ಲಿ ಇಂಗಿದ ವಿಷ ಮತ್ತೊಬ್ಬರ ಬಾವಿಯಲ್ಲಿ ತಲೆಯೆತ್ತೀತು.