ಮೊದಲು ಫ್ರಿಜ್ಜು, ಆಮೇಲೆ ಸಂತೆ



ಧರ್ಮಕೇಂದ್ರದ ಪಾಲಕ ಸಂತರ ಹಬ್ಬ ಮುಗಿದಿದೆ. ಗಾಯನ ಬಲಿಪೂಜೆ, ಮೆರವಣಿಗೆ, ಊಟ ಎಲ್ಲವೂ ಚೆನ್ನಾಗಿ ನಡೆದವು. ಬೆಂಗಳೂರಿನಿಂದ ಬಂದಿದ್ದ ನೆಂಟರು ಕಡೂರಿನಲ್ಲೋ ಅಜ್ಜಂಪುರದಲ್ಲೋ ಮತ್ತೆ ರೈಲು ಹತ್ತಿದ್ದಾರೆ. ಮನೆಯಲ್ಲಿ ಉಳಿದಿರುವುದು ಅರ್ಧ ಪಾತ್ರೆ ಮಟನ್ ಸಾರು, ಒಂದು ಡಬ್ಬಿ ಅನ್ನ, ಇಪ್ಪತ್ತು ಇಡ್ಲಿ, ಒಡೆದ ತೆಂಗಿನಕಾಯಿಯ ನಾಲ್ಕು ಹೋಳು, ಬಾಡುತ್ತಿರುವ ಕೊತ್ತಂಬರಿ ಕಟ್ಟು. ಮೇಲಿನ ಫ್ರೀಜರಿನಲ್ಲಿ ಯಾವಾಗ ಇಟ್ಟದ್ದೆಂದು ಯಾರಿಗೂ ನೆನಪಿಲ್ಲದ ಮೀನಿನ ಪೊಟ್ಟಣವೂ ಇದೆ. ಆದರೂ ಸೋಮವಾರ ಬೆಳಿಗ್ಗೆ ಮನೆಮನೆಯಲ್ಲಿ ಕೇಳಿಬರುವ ಪ್ರಶ್ನೆ "ಇವತ್ತು ಏನು ಅಡುಗೆ ಮಾಡಲಿ?" ಎಂಬುದೇ. "ಮನೆಯಲ್ಲಿ ಏನಿದೆ?" ಎಂದು ಕೇಳುವವರು ಕಡಿಮೆ.

ಇದು ಬರೀ ದುಡ್ಡು ಉಳಿಸುವ ಮಾತಾಗಿದ್ದರೆ ಈ ಪುಟದಲ್ಲಿ ಬರೆಯಬೇಕಾದ್ದಿರಲಿಲ್ಲ. ಉಳಿದದ್ದನ್ನು ಕೊನೆಗೆ ಯಾರು ಉಣ್ಣುತ್ತಾರೆ ಎಂದು ನೋಡಿ. ಬಹುಪಾಲು ಮನೆಗಳಲ್ಲಿ ಅದನ್ನು ಉಣ್ಣುವವಳು ತಾಯಿ. ಗಂಡನಿಗೂ ಮಕ್ಕಳಿಗೂ ಬಿಸಿ ಅಡುಗೆ ಬಡಿಸಿ, ತಾನು ಮೊನ್ನೆಯ ಸಾರಿನೊಂದಿಗೆ ಕೂರುತ್ತಾಳೆ. ಕೇಳಿದರೆ "ನನಗೆ ಇದೇ ಇಷ್ಟ" ಎನ್ನುತ್ತಾಳೆ. ಅವಳಿಂದಲೂ ಮುಗಿಯದಿದ್ದರೆ ಅಡಿಕೆ ಸುಲಿಯಲು, ಈರುಳ್ಳಿ ಕೀಳಲು, ಮನೆ ಒರೆಸಲು ಬರುವವರ ತಟ್ಟೆಗೆ ಬೀಳುತ್ತದೆ. ಮೂರು ದಿನ ಯಾರಿಗೂ ಬೇಡವಾದದ್ದನ್ನು ನಾಲ್ಕನೆಯ ದಿನ ಬಡವರಿಗೆ ಕೊಟ್ಟು ಅದಕ್ಕೆ ದಾನವೆಂದು ಹೆಸರಿಡುವವರೂ ಇದ್ದಾರೆ. ಕೊಡುವ ಮನಸ್ಸಿದ್ದರೆ ಹಬ್ಬದ ದಿನವೇ ಬಿಸಿಬಿಸಿಯಾಗಿ ಕೊಡಬೇಕು. ಉಳಿದದ್ದು ಮರುದಿನವೇ, ರುಚಿ ಇರುವಾಗಲೇ, ಇಡೀ ಮನೆಯ ಊಟವಾಗಬೇಕು. ತಾಯಿಗೊಂದು, ಮಕ್ಕಳಿಗೊಂದು ಎಂಬ ಭೇದ ಆಗ ತಾನೇ ಕಳೆಯುತ್ತದೆ.

ಐದು ರೊಟ್ಟಿ, ಎರಡು ಮೀನಿನ ಪ್ರಸಂಗವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ, ಎಲ್ಲರೂ ತೃಪ್ತಿಯಾಗಿ ಉಂಡ ಮೇಲೆ, ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಅಪ್ಪಣೆ ಕೊಡುವವರು ಯೇಸುಸ್ವಾಮಿಯೇ. ತುಂಬಿದವು ಹನ್ನೆರಡು ಬುಟ್ಟಿ. ಅದ್ಭುತದ ಬಗ್ಗೆ ಪ್ರಬೋಧನೆಗಳು ಬಹಳ, ಬುಟ್ಟಿಗಳ ಬಗ್ಗೆ ಕಡಿಮೆ.

ಮನೆಯಲ್ಲಿರುವುದನ್ನು ಮೊದಲು ಮುಗಿಸುವ ಪಾಠ ಕ್ರೈಸ್ತರ ಪಂಚಾಂಗದಲ್ಲಿಯೂ ಇದೆ. ಹಿಂದಿನ ಕಾಲದಲ್ಲಿ ತಪಸ್ಸುಕಾಲದಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡುತ್ತಿದ್ದರು. ಆದ್ದರಿಂದ ಬೂದಿ ಬುಧವಾರದ ಹಿಂದಿನ ಮಂಗಳವಾರ ಅವನ್ನೆಲ್ಲ ತೆಗೆದು ದೋಸೆಯಂಥ ತಿಂಡಿ ಮಾಡಿ ಮುಗಿಸುವ ವಾಡಿಕೆ ಇಂಗ್ಲೆಂಡಿನಲ್ಲಿ ಬೆಳೆಯಿತು. ಆದರೆ ಕೋಳಿಗಳಿಗೆ ತಪಸ್ಸುಕಾಲ ತಿಳಿಯದಲ್ಲ! ಅವು ಇಡುತ್ತಲೇ ಹೋದ ಮೊಟ್ಟೆಗಳು ಪಾಸ್ಕ ಹಬ್ಬಕ್ಕೆ ಬಳಕೆಯಾದವು.

ನಮ್ಮ ಬಯಲುಸೀಮೆಯ ಹಿರಿಯರಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ರಾಗಿ ಮುಗಿಯುವವರೆಗೆ ಹೊಸದಕ್ಕೆ ಕೈ ಹಾಕುತ್ತಿರಲಿಲ್ಲ. ರಾತ್ರಿಯ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕರಗಿ ಅಂಬಲಿಯಾಗುತ್ತಿತ್ತು. ಮಾಂಸದ ಸಾರನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕುದಿಸಿಡುತ್ತಿದ್ದರು. ಕೆಟ್ಟರೆ ವಾಸನೆಯೇ ಹೇಳುತ್ತಿತ್ತು. ಫ್ರಿಜ್ಜು ಬಂದ ಮೇಲೆ ಆಹಾರ ಕೆಡುವುದು ನಿಧಾನವಾಯಿತು, ನಿಜ. ಜೊತೆಗೆ ಅದು ಹಿಂದಿನ ಮೂಲೆಯಲ್ಲಿ ಮರೆಯೂ ಆಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ. ನಮ್ಮ ದೇಶದ ಮನೆಗಳ ಅಂದಾಜು ಒಬ್ಬರಿಗೆ ವರ್ಷಕ್ಕೆ 55 ಕಿಲೋ. ಸಿಪ್ಪೆ, ಮೂಳೆಗಳೂ ಈ ಲೆಕ್ಕದಲ್ಲಿ ಸೇರಿವೆ. ಹಾಗಿದ್ದರೂ ಅದು ಸಣ್ಣ ಮೊತ್ತವಲ್ಲ.

ಹಾಗಾದರೆ ಮಾಡುವುದೇನು? ವಾರದ ಸಂತೆಯ ಹಿಂದಿನ ಸಂಜೆ ಫ್ರಿಜ್ಜಿನಲ್ಲಿರುವುದನ್ನೆಲ್ಲ ಒಮ್ಮೆ ಹೊರತೆಗೆದು ನೋಡೋಣ. ಇರುವುದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸೋಣ. ಈ ಕೆಲಸವೂ ತಾಯಿಯ ತಲೆಗೇ ಬರಬೇಕಿಲ್ಲ. ಧರ್ಮೋಪದೇಶದ ತರಗತಿಗೆ ಹೋಗುವ ಮಕ್ಕಳಿಗೆ ಓದಲು ಬರೆಯಲು ಬರುತ್ತದೆ. ಬೇಗ ಕೆಡುವುದು ಚೀಟಿಯ ಮೇಲ್ಗಡೆ ಇರಲಿ. ಅದರಿಂದ ಯಾವ ಊಟ ಆದೀತು, ಅದಕ್ಕೆ ಏನು ಕಡಿಮೆ ಎಂದು ಯೋಚಿಸಿ, ಕಡಿಮೆ ಇರುವುದನ್ನು ಮಾತ್ರ ಸಂತೆಯಿಂದ ತರೋಣ.

ಮೇಲೆ ಹೇಳಿದ ಹಬ್ಬದ ಮನೆಯನ್ನೇ ತೆಗೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಇಡ್ಲಿ ಪುಡಿಮಾಡಿ ಒಗ್ಗರಣೆ ಹಾಕಿದರೆ ಇಡ್ಲಿ ಉಪ್ಪಿಟ್ಟು. ಮಧ್ಯಾಹ್ನ ಅನ್ನದಿಂದ ಚಿತ್ರಾನ್ನ, ಕೊತ್ತಂಬರಿ ಮತ್ತು ಕಾಯಿಯಿಂದ ಚಟ್ನಿ. ರಾತ್ರಿ ಹೊಸದಾಗಿ ಮಾಡುವುದು ಮುದ್ದೆ ಮಾತ್ರ. ಮಟನ್ ಸಾರು ಇದ್ದೇ ಇದೆ. ಮಂಗಳವಾರ ಅದೇ ಸಾರಿಗೆ ಎರಡು ಆಲೂಗೆಡ್ಡೆ ಬೇಯಿಸಿ ಹಾಕಿದರೆ ಮತ್ತೊಂದು ಹೊತ್ತಿಗೆ ಆಯಿತು. ತಪಸ್ಸುಕಾಲ ಹತ್ತಿರವಿದ್ದರೆ ಶುಕ್ರವಾರದ ಲೆಕ್ಕವೂ ಇರಲಿ. ಆ ದಿನ ಮಾಂಸ ಉಣ್ಣುವಂತಿಲ್ಲ, ಶನಿವಾರದವರೆಗೆ ಇಟ್ಟರೆ ಹಳತಾಗುತ್ತದೆ.

ಅನ್ನದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅನ್ನ ಫ್ರಿಜ್ಜಿಗೆ ಹೋಗಿರಬೇಕು, ಮರುದಿನ ಮುಗಿಯಬೇಕು. ಪಂಗಡದಲ್ಲಿ ರಾತ್ರಿಯವರೆಗೆ ತೆರೆದಿದ್ದ ಅನ್ನವನ್ನು ಚಿತ್ರಾನ್ನ ಮಾಡುವುದು ಉಳಿತಾಯವಲ್ಲ. ಸಾರಿಗೂ ಇದೇ ಮಾತು. ದೊಡ್ಡ ಪಾತ್ರೆಯಲ್ಲಿ ಬಿಸಿ ಆರುವುದು ತಡವಾಗುತ್ತದೆ. ಅಗಲವಾದ ಚಿಕ್ಕ ಪಾತ್ರೆಗಳಿಗೆ ಬಗ್ಗಿಸಿ, ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಆರಿಸಿ. ಮೂರು ದಿನದಲ್ಲಿ ಖರ್ಚಾಗುವಷ್ಟು ಕೆಳಗೆ, ಉಳಿದದ್ದು ಅದೇ ರಾತ್ರಿ ಫ್ರೀಜರಿಗೆ. ಉಣ್ಣುವಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಪಾತ್ರೆ ಪೂರ್ತಿ ದಿನಾ ಬಿಸಿ ಮಾಡಿ ಮತ್ತೆ ಒಳಗಿಡುವುದು ಬೇಡ.

ಫ್ರೀಜರಿಗೆ ಹೋಗುವ ಪ್ರತಿ ಡಬ್ಬಿಗೂ ತಾರೀಖು ಬರೆದ ಪಟ್ಟಿ ಬೇಕು. ಒಂದು ಹೊತ್ತಿಗೆ ಒಂದು ಪೊಟ್ಟಣ. ಎರಡು ಕಿಲೋ ಮೀನು ಒಂದೇ ಗಡ್ಡೆಯಾದರೆ ಎಲ್ಲವನ್ನೂ ಕರಗಿಸಬೇಕಾಗುತ್ತದೆ. ಕರಗಿಸುವುದು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗದಲ್ಲಿ ಇಟ್ಟು, ಒಲೆಯ ಕಟ್ಟೆಯ ಮೇಲಲ್ಲ. ಒಂಟಿ ಬಾಗಿಲಿನ ಹಳೆಯ ಫ್ರಿಜ್ಜುಗಳ ಐಸಿನ ಗೂಡು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗುವುದು ಅಪರೂಪ. ಅದರಲ್ಲಿ ಮಾಂಸ ಮೀನನ್ನು ತಿಂಗಳುಗಟ್ಟಲೆ ನಂಬಿ ಇಡಬಾರದು.

ಕಡೂರಿನ ಮನೆಗಳಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಹೋಳನ್ನು ಹಾಗೇ ಬಿಟ್ಟರೆ ಲೋಳೆಯಾಗುತ್ತದೆ. ಅಂದೇ ತುರಿದು ಪುಟ್ಟ ಡಬ್ಬಿಗಳಲ್ಲಿ ಫ್ರೀಜರಿಗೆ ಇಡಿ. ಚಳಿಗಾಲದ ಅವರೆಕಾಳನ್ನು ಅರೆಬೇಯಿಸಿ ಇಟ್ಟರೆ ಸುಗ್ಗಿ ಮುಗಿದ ಮೇಲೂ ಸಾರಿಗುಂಟು. ಆದರೆ ಅಜ್ಜಂಪುರದ ಈರುಳ್ಳಿಗೆ, ಆಲೂಗೆಡ್ಡೆಗೆ ಫ್ರಿಜ್ಜು ಬೇಡ, ಗಾಳಿಯಾಡುವ ಬುಟ್ಟಿಗಳು ಸಾಕು. ಎರಡನ್ನೂ ಬೇರೆಬೇರೆ ಇಡಿ.

ಇನ್ನು ಕರೆಂಟು. ಅದು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಂಪಾಗಿರುತ್ತದೆ. ತುಂಬಿದ ದೊಡ್ಡ ಫ್ರೀಜರು 48 ಗಂಟೆಯವರೆಗೂ ತಡೆದೀತು, ಚಿಕ್ಕ ಗೂಡು ಅಷ್ಟು ತಡೆಯದು. ಊರಿಗೆ ಹೋಗುವಾಗ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲಿ ಬಿಡಿ. ಹಿಂದಿರುಗಿದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆಗ ಆ ಮಾಂಸವನ್ನು ನಾವೂ ಉಣ್ಣದೆ, ಕೆಲಸದವರಿಗೂ ಕೊಡದೆ, ಹಿತ್ತಿಲಲ್ಲಿ ಗುಂಡಿ ತೆಗೆದು ಹೂಳಬೇಕು.