ಹುಲಿಯ ಲೆಕ್ಕವೂ ಯಂತ್ರದ ಕಣ್ಣೂ

ಭಾರತದ ಹುಲಿಗಳನ್ನು ಎಣಿಸುವುದಕ್ಕಾಗಿ 2022ನೆಯ ಇಸವಿಯ ಗಣತಿಯಲ್ಲಿ 32,588 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಕಟ್ಟಲಾಗಿತ್ತು. ಅವು ತೆಗೆದ ಚಿತ್ರಗಳ ಸಂಖ್ಯೆ 4,70,81,881. ಅದರಲ್ಲಿ ಹುಲಿಯ ಚಿತ್ರಗಳು 97,399 ಮಾತ್ರ. ಒಬ್ಬ ಗುಮಾಸ್ತನು 5 ಸೆಕೆಂಡಿಗೆ ಒಂದರಂತೆ, ದಿನಕ್ಕೆ 8 ಗಂಟೆ, ಹಬ್ಬಹುಣ್ಣಿಮೆಗಳ ರಜವನ್ನೂ ಪಡೆಯದೆ ನೋಡುತ್ತ ಕುಳಿತರೆ, ಈ ರಾಶಿ ಮುಗಿಯಲು 22 ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಗಣತಿಯಾದರೋ ನಾಲ್ಕು ವರ್ಷಗಳಿಗೊಮ್ಮೆ ನಡೆಯತಕ್ಕದ್ದು. ಆದುದರಿಂದ ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯನ್ನು ಹೂಡಿದುದು ಅನಿವಾರ್ಯವೇ ಸರಿ. ಅದನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಯಂತ್ರವು ಹೇಳಿದ ಲೆಕ್ಕವನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಯನ್ನು ಕೇಳದೆ ಇರಲಾರೆವು.

ಈ ಪ್ರಶ್ನೆಯ ಹಿಂದೆ ಒಂದು ಕಹಿಯಾದ ಅನುಭವವಿದೆ. 1972ರಲ್ಲಿ ಮೊದಲ ಬಾರಿಗೆ ದೇಶದಾದ್ಯಂತ ಹುಲಿಗಳನ್ನು ಎಣಿಸಿ 1,827 ಎಂದು ಹೇಳಿದಾಗ ಆಧಾರವಾಗಿದ್ದುದು ಹೆಜ್ಜೆಗುರುತು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ತೆರನಾಗಿಯೂ ಮರಳಿನಲ್ಲಿ ಇನ್ನೊಂದು ತೆರನಾಗಿಯೂ ಕಾಣುವುದುಂಟು. ಇದು ಇಂಥ ಹುಲಿಯದೇ ಎಂದು ಒಬ್ಬನು ಹೇಳಿದರೆ, ಅಲ್ಲವೆಂದು ಮತ್ತೊಬ್ಬನು ತೋರಿಸಿಕೊಡುವ ಮಾರ್ಗವಿರಲಿಲ್ಲ. ಪರಿಣಾಮವನ್ನು ರಾಜಸ್ಥಾನದ ಸರಿಸ್ಕಾ ಅರಣ್ಯದಲ್ಲಿ ದೇಶವೇ ಕಂಡಿತು. ಕಾಗದದಲ್ಲಿ ಹುಲಿಗಳಿದ್ದವು, 2005ರಲ್ಲಿ ಹುಡುಕಿ ನೋಡಿದರೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಬೇಟೆಗಳ್ಳರು ಕೊಂದು ಮುಗಿಸುವವರೆಗೂ ಲೆಕ್ಕದ ಪುಸ್ತಕವು ಎಚ್ಚರಿಕೆ ಕೊಡಲಿಲ್ಲ.

ಇದಕ್ಕೆ ಪ್ರತಿಯಾದ ಮಾರ್ಗವು ಬೆಳೆದು ಬಂದುದು ನಮ್ಮ ನಾಗರಹೊಳೆಯಿಂದ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಡಾ. ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾಗಳನ್ನಿಟ್ಟು ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಮನುಷ್ಯರ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಎಡಮೈಯ ಪಟ್ಟೆಯೂ ಬಲಮೈಯ ಪಟ್ಟೆಯೂ ಬೇರೆಯಾದುದರಿಂದ ಕಾಡುದಾರಿಯ ಎರಡು ಕಡೆಯೂ ಕ್ಯಾಮೆರಾ ಇಡುತ್ತಾರೆ. ಇನ್ನು ಸಿಕ್ಕವುಗಳಿಂದ ಸಿಕ್ಕದವುಗಳನ್ನು ಅಂದಾಜು ಮಾಡುವುದು ಹೇಗೆ? ಕೆರೆಯಲ್ಲಿ 100 ಮೀನು ಹಿಡಿದು ಗುರುತು ಹಾಕಿ ಬಿಟ್ಟೆವೆನ್ನಿ. ಮತ್ತೊಮ್ಮೆ ಬಲೆ ಬೀಸಿದಾಗ ಸಿಕ್ಕ 100ರಲ್ಲಿ 20ಕ್ಕೆ ನಮ್ಮ ಗುರುತಿದ್ದರೆ, ಕೆರೆಯಲ್ಲಿ ಸುಮಾರು 500 ಮೀನುಗಳಿವೆಯೆಂದು ತಿಳಿಯಬಹುದು. ಮೂಲತತ್ತ್ವವು ಇಷ್ಟೆ. 2022ರಲ್ಲಿ 3,080 ಹುಲಿಗಳು ಚಿತ್ರಕ್ಕೆ ಸಿಕ್ಕವು. ದೇಶದಲ್ಲಿರುವ ಹುಲಿಗಳ ಅಂದಾಜು 3,682 ಎಂದಾಯಿತು. ಕರ್ನಾಟಕದ ಪಾಲು 563. ಈ ಕ್ರಮದ ಹಿರಿಮೆಯಿರುವುದು ಚಿತ್ರವೆಂಬ ಸಾಕ್ಷಿಯಲ್ಲಿ. ಸಂದೇಹಪಟ್ಟವನು ಅದನ್ನು ತೆರೆದು ನೋಡಬಹುದು.

ಈಗ ಯಂತ್ರದ ಮಾತು. ಕ್ಯಾಮೆರಾ ತಾನಾಗಿ ವಿವೇಚಿಸಲಾರದು. ಬಿಸಿಯಾದುದೊಂದು ಮುಂದೆ ಚಲಿಸಿದರೆ ಚಿತ್ರ ತೆಗೆಯುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೂ ತೆಗೆಯುತ್ತದೆ. ಈ ಕಸವನ್ನು ಬಳಿದು ಹಾಕಿ, ಜಿಂಕೆ ಕಡವೆ ಕಾಟಿಗಳನ್ನು ಬೇರೆ ಬೇರೆಯಾಗಿ ವಿಂಗಡಿಸುವ ಕೆಲಸವನ್ನು ನಮ್ಮ ಗಣತಿಯಲ್ಲಿ 'ಕ್ಯಾಟ್ರಾಟ್' ಎಂಬ ಸಾಧನವು ಮಾಡುತ್ತದೆ. ಹುಲಿಯ ಪಟ್ಟೆಗಳನ್ನು ಹೋಲಿಸಲು ಬೇರೊಂದು ಸಾಧನವಿದೆ. ಮನುಷ್ಯರು ಹೆಸರು ಬರೆದಿಟ್ಟ ಸಾವಿರಾರು ಚಿತ್ರಗಳನ್ನು ನೋಡಿ ನೋಡಿಯೇ ಇಂಥ ಯಂತ್ರವು ಪಾಠ ಕಲಿಯುವುದು. ಆಫ್ರಿಕದ ಸೆರೆಂಗೆಟಿಯ 32 ಲಕ್ಷ ಚಿತ್ರಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವು ಪ್ರಸಿದ್ಧವಾಗಿದೆ. ಅಲ್ಲಿ ಸಂದೇಹವಿದ್ದ ಕೆಲವನ್ನು ಮನುಷ್ಯರಿಗೆ ಬಿಟ್ಟು, ಶೇಕಡಾ 99.3ರಷ್ಟು ಚಿತ್ರಗಳನ್ನು ಯಂತ್ರವೇ ಗುರುತಿಸಿತು. ಸ್ವಯಂಸೇವಕರಷ್ಟೇ ನಿಷ್ಕೃಷ್ಟವಾಗಿ, ಎಂದರೆ ಶೇಕಡಾ 96.6ರಷ್ಟು ಸರಿಯಾಗಿ, ಗುರುತಿಸಿತು.

ಇದು ಮೆಚ್ಚತಕ್ಕ ಸಾಧನೆ. ಆದರೂ ವಾಚಕರು ಉಳಿದ 3.4ನ್ನು ಮರೆಯಬಾರದು. ಅದೇ ಪ್ರಮಾಣವನ್ನು ನಮ್ಮ ನಾಲ್ಕೂ ಮುಕ್ಕಾಲು ಕೋಟಿಯ ರಾಶಿಗೆ ಹಚ್ಚಿ ನೋಡಿದರೆ ತಪ್ಪುಗಳು 16 ಲಕ್ಷವಾಗುತ್ತವೆ. ಹುಲಿಯ ಚಿತ್ರಗಳೇ ಒಂದು ಲಕ್ಷಕ್ಕೆ ಕಡಮೆ! ಇದು ನಮ್ಮ ಗಣತಿಯ ಮೇಲಿನ ದೂರಲ್ಲ. ಸಣ್ಣ ಶೇಕಡಾವಾರಿನಲ್ಲಿ ಎಷ್ಟು ಅಡಗಿರಬಹುದೆಂಬುದಕ್ಕೆ ನಿದರ್ಶನ. ಮೇಲಾಗಿ, ಒಂದು ಜಾಗದ ಚಿತ್ರಗಳಿಂದ ಕಲಿತ ಯಂತ್ರವು ಹೊಸ ಜಾಗಕ್ಕೆ ಹೋದರೆ ಹೆಚ್ಚಾಗಿ ಎಡವುತ್ತದೆಂದು ಅಮೆರಿಕೆಯ ವಿದ್ವಾಂಸರು 2018ರಲ್ಲೇ ತೋರಿಸಿದ್ದಾರೆ. ಲಕ್ಷಗಟ್ಟಲೆ ಕಂಡ ಜಿಂಕೆಯನ್ನು ಅದು ಗುರುತಿಸೀತು. ಅಪರೂಪಕ್ಕೊಮ್ಮೆ ಕಾಣುವ ಚಿಪ್ಪುಹಂದಿಯ ಗತಿಯೇನು? ಇಲ್ಲದ ಹುಲಿಯನ್ನು ಇದೆಯೆಂದರೆ ಯಾರಾದರೂ ನೋಡಿ ತಿದ್ದಿಯಾರು. ಇರುವ ಪ್ರಾಣಿಯನ್ನು ಬರಿಯ ಹುಲ್ಲೆಂದು ಬಿಸುಟರೆ ಆ ಚಿತ್ರವನ್ನು ತೆರೆಯುವವರೇ ಇಲ್ಲ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಲೋಪವಾದೀತು. ಪ್ರಾಣಿಗಾಗಿ ಇಟ್ಟ ಕ್ಯಾಮೆರಾ ಮನುಷ್ಯರನ್ನೂ ಹಿಡಿಯುತ್ತದೆ. ಉತ್ತರಾಖಂಡದ ಕಾರ್ಬೆಟ್ ಅರಣ್ಯದ ಸುತ್ತಲಿನ ಸ್ಥಿತಿಯನ್ನು ಕುರಿತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ 2024ರಲ್ಲಿ ಪ್ರಕಟವಾದ ಸಂಶೋಧನೆಯು ಮನಸ್ಸನ್ನು ನೋಯಿಸುತ್ತದೆ. ಕಾಡಿನಲ್ಲಿದ್ದ ಒಬ್ಬ ಮಹಿಳೆಯ ಚಿತ್ರವು ಹೊರಬಿದ್ದು ಊರಿನವರ ಮೊಬೈಲುಗಳಲ್ಲಿ ಹರಿದಾಡಿತು. ಸೌದೆಗೆ ಹೋಗುವ ಹೆಂಗಸರು ಪ್ರಾಣಿಗಳನ್ನು ದೂರವಿಡಲು ಗಟ್ಟಿಯಾಗಿ ಹಾಡುತ್ತಿದ್ದವರು ಕ್ಯಾಮೆರಾದ ಅಂಜಿಕೆಯಿಂದ ದನಿ ತಗ್ಗಿಸಿದರು. ಹುಲಿಯನ್ನು ಉಳಿಸುವ ಉಪಾಯವು ಬಡ ಹೆಂಗಸರನ್ನು ಹುಲಿಯ ಬಾಯಿಗೆ ಸಮೀಪಿಸುವಂತೆ ಮಾಡಿದರೆ ಅದನ್ನು ಯಾವ ನ್ಯಾಯವೆನ್ನಬೇಕು? ಇಲ್ಲಿ ಯಂತ್ರದಿಂದಲೇ ಪರಿಹಾರವೂ ಉಂಟು. ಮನುಷ್ಯರಿರುವ ಚಿತ್ರಗಳನ್ನು ಮೊದಲೇ ಬೇರ್ಪಡಿಸುವ ಸಾಧನಗಳು ಈಗಾಗಲೇ ಬಳಕೆಯಲ್ಲಿವೆ. ಯಾರ ಕಣ್ಣಿಗೂ ಬೀಳುವ ಮುನ್ನವೇ ಅವನ್ನು ಅಳಿಸಿಬಿಡಬಹುದು. ಮನಸ್ಸಿರಬೇಕು.

ಆದುದರಿಂದ ನಮ್ಮ ಸಲಹೆಗಳು ಮೂರು. ಯಂತ್ರವು ಎಷ್ಟು ಸರಿ, ಎಷ್ಟು ತಪ್ಪು ಹೇಳಿತೆಂಬುದನ್ನು ಕಾಡುಕಾಡಿಗೂ ಪ್ರಾಣಿಪ್ರಾಣಿಗೂ ಬೇರೆ ಬೇರೆಯಾಗಿ ಪ್ರಕಟಿಸಬೇಕು. ಅದು ಬಿಸುಟ ಚಿತ್ರಗಳಲ್ಲಿಯೂ ಕೆಲವನ್ನು ಚೀಟಿಯೆತ್ತಿದಂತೆ ಆರಿಸಿ, ಗಣತಿಗೆ ಸಂಬಂಧಪಡದ ವಿದ್ವಾಂಸರಿಂದಲೂ, ಆ ಕಾಡನ್ನು ಬಲ್ಲ ಜೇನುಕುರುಬ ಸೋಲಿಗ ಕಾವಲುಗಾರರಿಂದಲೂ ನೋಡಿಸಬೇಕು. ಬೇಟೆಗಳ್ಳರಿಗೆ ಅನುಕೂಲವಾಗದಂತೆ ಸ್ಥಳದ ವಿವರಗಳನ್ನು ಮರೆಮಾಡಿ, ಮನುಷ್ಯರ ಚಿತ್ರಗಳನ್ನು ಅಳಿಸಿ, ಉಳಿದುದನ್ನು ಪರಿಶೀಲನೆಗೆ ತೆರೆದಿಡಬೇಕು. ಹುಲಿಗಳು ಹೆಚ್ಚಿದವೆಂಬ ವಾರ್ತೆಯನ್ನು ಮುದ್ರಿಸಲು ನಮಗೂ ಸಂತೋಷವೇ. ಹೆಜ್ಜೆಗುರುತಿನ ಕಾಲದಲ್ಲಿ ಅಧಿಕಾರಿಯ ಮಾತನ್ನು ನಂಬಿ ಸರಿಸ್ಕಾವನ್ನು ಕಳೆದುಕೊಂಡೆವು. ಈಗ ಯಂತ್ರದ ಮಾತನ್ನೂ ಹಾಗೆಯೇ ನಂಬಿ ಇನ್ನೊಂದು ಕಾಡನ್ನು ಕಳೆದುಕೊಳ್ಳಕೂಡದೆಂದು ಸರಕಾರಕ್ಕೂ ವಿದ್ವಾಂಸರಿಗೂ ನಮ್ಮ ವಿಜ್ಞಾಪನೆ.