ಜೀಪಿನ ಫೋರ್ ವೀಲ್ ತೆಗೆಸೋ ಮುಂಚೆ ಕೆಳಗೆ ನುಸುಳಿ ನೋಡಿ

ಹೊಗೆಸೊಪ್ಪು ಬೇಯಿಸೋ ಕಾಲ. ಜೀಪಿಗೆ ಟ್ರೈಲರ್ ಕಟ್ಟಿ ಬ್ಯಾರನ್‌ಗೆ ಸೌದೆ ತುಂಬಿಕೊಂಡು ಬಂದು ನಾಲೆ ಏರಿ ಮೇಲೆ ನಿಲ್ಲಿಸಿದೆ. ಅಭ್ಯಾಸದಂತೆ ಹ್ಯಾಂಡ್ ಬ್ರೇಕ್ ಎಳೆದು ಇಳಿದೆ. ಲಿವರ್ ಏನೋ ಮೇಲಕ್ಕೆ ಬಂತು, ಅದರ ಇನ್ನೊಂದು ತುದಿಯಲ್ಲಿ ಹಿಡಿಯೋಕೆ ಏನೂ ಇರಲಿಲ್ಲ. ನಾನು ಹಿಂದಕ್ಕೆ ಬರೋದರೊಳಗೆ ಗಾಡಿ ಹೊರಟುಬಿಟ್ಟಿತ್ತು. ದಾರೀಲಿದ್ದ ಹೊಂಗೆ ಮರಕ್ಕೆ ಟ್ರೈಲರ್ ತಗುಲಿ ನಿಂತಿತು. ಆ ಮರ ಇಲ್ಲದಿದ್ದರೆ ಕೆಳಗೆ ಸೊಪ್ಪು ಮುರೀತಿದ್ದ ಐದಾರು ಜನರ ಮೇಲೆ ಹೋಗ್ತಿತ್ತು.

ಇದಕ್ಕೆ ಎರಡು ವಾರ ಮುಂಚೆ ಆ ಜೀಪನ್ನ ನಾಲ್ಕು ಚಕ್ರದ ಎಳೆತದಿಂದ ಎರಡು ಚಕ್ರಕ್ಕೆ ಇಳಿಸಿದ್ದೆ. 'ಅಣ್ಣಾ, ಫೋರ್ ವೀಲ್ ಸುಮ್ನೆ ಭಾರ. ಡೀಸೆಲ್ ತಿನ್ನುತ್ತೆ. ಟೂ ವೀಲ್ ಗೇರ್ ಬಾಕ್ಸ್ ಒಂದು ಗುಜರಿಲಿ ಐತೆ, ಹಾಕ್ಬಿಡೋಣ' ಅಂದಿದ್ದರು ಗ್ಯಾರೇಜಿನವರು. ಯಾವ ಗ್ಯಾರೇಜು ಅನ್ನೋದು ಇಲ್ಲಿ ಬೇಡ. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಪಲಾಪುರದ ಸುತ್ತಮುತ್ತ ಇನ್ನೂ ಹಳೇ ಜೀಪು ಇಟ್ಟುಕೊಂಡಿರೋರು ಇದ್ದಾರೆ. ಅವರಲ್ಲಿ ಕೆಲವರು ಈಗ ಇದೇ ಯೋಚನೇಲಿರೋದರಿಂದ ನಾನು ಕಲಿತದ್ದನ್ನ ಬರೀತಿದ್ದೇನೆ.

ಹಳೇ ಜೀಪಿನ ಹೊಟ್ಟೆಯೊಳಗೆ

ನಮ್ಮ ಜೀಪುಗಳ ಮೂಲ ಅಮೆರಿಕದ ವಿಲ್ಲಿಸ್ ಕಂಪೆನಿಯದು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಅದನ್ನ ಇಲ್ಲಿ ಜೋಡಿಸೋಕೆ ಶುರು ಮಾಡಿದರು. ಆಮೇಲೆ ಡೀಸೆಲ್ ಎಂಜಿನ್ ಬಂತು, ಹೆಸರು ಬದಲಾಯಿತು. ಕೆಳಗಿನ ಜೋಡಣೆ ಮಾತ್ರ ಎಷ್ಟೋ ಮಾಡೆಲ್‌ಗಳಲ್ಲಿ ಸುಮಾರು ಅದೇ ಉಳಿಯಿತು.

ಗೇರ್ ಬಾಕ್ಸಿನ ಬೆನ್ನಿಗೇ ಒಂದು ಪೆಟ್ಟಿಗೆ ಬೋಲ್ಟ್ ಆಗಿರುತ್ತೆ. ಅದೇ ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿಂದ ಅದರೊಳಕ್ಕೆ ಹೋಗಿ, ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಹೋಗುತ್ತೆ. ಗೇರ್ ಬಾಕ್ಸಿನ ಮೇನ್ ಶಾಫ್ಟ್ ಈ ಪೆಟ್ಟಿಗೆಯೊಳಕ್ಕೇ ಚಾಚಿಕೊಂಡಿರುತ್ತೆ, ಅದರ ತುದೀಲಿ ಗೇರ್ ಕೂತಿರುತ್ತೆ. ಹಾಗಾಗಿ ಟ್ರಾನ್ಸ್‌ಫರ್ ಕೇಸ್ ಒಂದನ್ನೇ ಬಿಚ್ಚಿ ಬಿಸಾಕೋಕೆ ಆಗಲ್ಲ. ಬಿಚ್ಚಿದರೆ ಗೇರ್ ಬಾಕ್ಸಿಗೆ ಬಾಲವೇ ಇಲ್ಲದ ಹಾಗೆ. ಎರಡು ಚಕ್ರ ಮಾಡಬೇಕು ಅಂದಾಗ ಗೇರ್ ಬಾಕ್ಸನ್ನೇ ಬದಲಾಯಿಸಬೇಕು ಅನ್ನೋದು ಇದಕ್ಕೇ.

ಈಗ ಮುಖ್ಯ ವಿಷಯ. ಹಳೇ ಮಾಡೆಲ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿ ಇಲ್ಲ. ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೋಗೋ ಶಾಫ್ಟಿನ ಬುಡದಲ್ಲಿ ಒಂದು ಡ್ರಮ್ ಇದೆ, ಅದನ್ನೇ ಹಿಡಿಯೋದು. ಪೆಟ್ಟಿಗೆ ಹೋದರೆ ಬ್ರೇಕೂ ಹೋಯ್ತು. ಸ್ಪೀಡೋಮೀಟರ್ ಕೇಬಲ್ ಕೂಡ ಅಲ್ಲಿಂದಲೇ. ಕೇಬಲ್ ಹೋದರೆ ಹಾಳಾಗಿ ಹೋಗಲಿ ಅನ್ನಬಹುದು, ನಮ್ಮ ಕಡೆ ಎಷ್ಟು ಜೀಪಿನ ಮುಳ್ಳು ಅಲ್ಲಾಡುತ್ತೆ ಹೇಳಿ! ಬ್ರೇಕಿನ ವಿಷಯ ಹಾಗಲ್ಲ.

ನಿಮ್ಮ ಜೀಪಿನ ಹ್ಯಾಂಡ್ ಬ್ರೇಕ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಒಬ್ಬರಿಗೆ ಲಿವರ್ ಎಳೆಯೋಕೆ ಹೇಳಿ ನೀವು ಕೆಳಗೆ ನುಸುಳಿ ನೋಡಿ. ಕೇಬಲ್ ಹಿಂದಿನ ಚಕ್ರಗಳಿಗೆ ಹೋಗ್ತಿದ್ದರೆ ತೊಂದರೆ ಇಲ್ಲ. ಮಧ್ಯದ ಡ್ರಮ್ಮಿಗೆ ಹೋಗ್ತಿದ್ದರೆ, ಹಿಂದಿನ ಚಕ್ರಕ್ಕೆ ಹ್ಯಾಂಡ್ ಬ್ರೇಕ್ ಕೂರಿಸೋ ತನಕ ಆ ಪೆಟ್ಟಿಗೆ ಮುಟ್ಟಿಸಬೇಡಿ.

ಹಿಂದಿನ ಗುಂಡು ಬಲಕ್ಕೆ

ಹಿಂದಿನ ಹೌಸಿಂಗಿನ ಗುಂಡು, ಅಂದರೆ ಕ್ರೌನ್ ಪಿನಿಯನ್ ಇರೋ ಭಾಗ, ಹಳೇ ಜೀಪಿನಲ್ಲಿ ನಟ್ಟನಡುವೆ ಇರಲ್ಲ. ಬಲಗಡೆಗೆ ಸರಿದಿರುತ್ತೆ. ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಬಲಗಡೆಯಿಂದ ಹೊರಡುತ್ತೆ, ಅದಕ್ಕೆ ಸರಿಯಾಗಿ ಹಿಂದೆಯೂ ಬಲಕ್ಕೆ. ಟೂ ವೀಲ್ ಗೇರ್ ಬಾಕ್ಸು ನಡುವಿನಿಂದ ನೇರವಾಗಿ ಹೊರಡುತ್ತೆ. ಎರಡಕ್ಕೂ ಶಾಫ್ಟ್ ಕೊಟ್ಟರೆ ಅದು ಓರೆಯಾಗಿ ಹೋಗುತ್ತೆ. ಕೆಳಕ್ಕೆ ಇಳಿಜಾರು ಮೊದಲೇ ಇದೆ, ಈಗ ಪಕ್ಕಕ್ಕೂ ಓರೆ. ಹೊಂಡದಲ್ಲಿ ಪ್ಲೇಟು ಕುಣಿದಾಗ ಇನ್ನೂ ಹೆಚ್ಚು.

ನನ್ನದು ಹೀಗೇ ಆಯಿತು. ಆರು ತಿಂಗಳಲ್ಲಿ ಎರಡು ಸಲ ಕ್ರಾಸ್ ಹಾಕಿಸಿದೆ. ಸ್ವಲ್ಪ ಜೋರು ಹೋದರೆ ಸೀಟೇ ನಡುಗ್ತಿತ್ತು. ಕೊನೆಗೆ ನಡುವೆ ಗುಂಡಿರೋ ಹೌಸಿಂಗ್ ಹುಡುಕಿ ಹಾಕಿಸಬೇಕಾಯ್ತು. ಅದಕ್ಕೆ ಪ್ಲೇಟಿನ ಸೀಟು ಕಡಿದು ಬೆಸೆಯೋದು, ಬ್ರೇಕ್ ಪೈಪು ಬದಲಾಯಿಸೋದು, ಶಾಫ್ಟ್ ಲೇತಿನಲ್ಲಿ ಕತ್ತರಿಸಿ ಬ್ಯಾಲೆನ್ಸ್ ಮಾಡಿಸೋದು. ಗೇರ್ ಬಾಕ್ಸಿಗೆ ಕೊಟ್ಟದ್ದಕ್ಕಿಂತ ಇದಕ್ಕೇ ಹೆಚ್ಚು ಖರ್ಚಾಯಿತು. ಒಳ್ಳೆಯದೊಂದು ಏನಂದರೆ ಆ ಹೌಸಿಂಗಿನಲ್ಲಿ ಚಕ್ರಕ್ಕೇ ಹ್ಯಾಂಡ್ ಬ್ರೇಕ್ ಇತ್ತು.

ಬೇರೆ ಅಳತೆಗಳೂ ಇವೆ. ಬೆಲ್ ಹೌಸಿಂಗಿನ ಬೋಲ್ಟು, ಇನ್‌ಪುಟ್ ಶಾಫ್ಟಿನ ಹಲ್ಲು, ಕ್ಲಚ್ ಪ್ಲೇಟು, ಫ್ಲೈವೀಲಿನ ನಡುವಿನ ಬುಷ್, ಗೇರ್ ಬಾಕ್ಸ್ ಕೂರೋ ಅಡ್ಡ ಪಟ್ಟಿ. ದುಡ್ಡು ಕೊಡೋ ಮುಂಚೆ ಹಳೇದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅಳೆಸಿ.

ಲೋ ಗೇರ್ ಹೋಗುತ್ತೆ

ಟ್ರಾನ್ಸ್‌ಫರ್ ಕೇಸು ಬರೀ ಮುಂದಿನ ಚಕ್ರ ಎಳೆಯೋಕಲ್ಲ, ಅದರಲ್ಲಿ ಲೋ ಗೇರೂ ಇದೆ. ಹಳೇ ಪೆಟ್ರೋಲ್ ಸಿಜೆ-3ಬಿ ಲೆಕ್ಕ ತಗೊಳ್ಳಿ. ಮೊದಲ ಗೇರು 2.8, ಹೌಸಿಂಗು 5.38. ಎರಡೂ ಗುಣಿಸಿದರೆ ಎಂಜಿನ್ 15 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಲೋ ಹಾಕಿದರೆ ಇನ್ನೂ 2.46 ಪಾಲು, ಅಂದರೆ 37 ಸುತ್ತಿಗೆ ಒಂದು. ಕ್ಲಚ್ ಸುಡದೆ, ಬ್ರೇಕ್ ಮುಟ್ಟದೆ, ಭಾರ ಹೊತ್ತು ಇಳಿಜಾರಿನಲ್ಲಿ ಆಮೆ ಹಾಗೆ ಇಳಿಯೋದು ಈ 37ರಿಂದ. ಅದು ಹೋಯ್ತು ಅಂದರೆ ಅದೇ ಕೆಲಸಕ್ಕೆ ಕ್ಲಚ್ಚೂ ಬ್ರೇಕೂ ಸವೀಬೇಕು. ನನಗೆ ಈಗಲೂ ಬೇಜಾರಿರೋದು ಇದಕ್ಕೇ. ಮುಂದಿನ ಚಕ್ರ ಎಳೀಲಿಲ್ಲ ಅಂತ ನಾನು ಮರುಗಿದ್ದು ಕಮ್ಮಿ.

ಡೀಸೆಲ್ ಉಳಿಯುತ್ತಾ? ಸ್ವಲ್ಪ. ಈ ಮಾದರಿ ಟ್ರಾನ್ಸ್‌ಫರ್ ಕೇಸಿನಲ್ಲಿ ಮಾಮೂಲಿ ಹೈ ಓಟದಲ್ಲೂ ಶಕ್ತಿ ಗೇರಿಂದ ಗೇರಿಗೆ ದಾಟಿಯೇ ಹೋಗಬೇಕು. ಆ ಗುಂಯ್ ಅನ್ನೋ ಸದ್ದು ಅದೇ. ಆದರೆ ನಮ್ಮಲ್ಲಿ 'ಡೀಸೆಲ್ ಕುಡಿಯುತ್ತೆ' ಅನ್ನೋ ಎಷ್ಟೋ ಜೀಪುಗಳಲ್ಲಿ ಮುಂದಿನ ಎಳೆತದ ಲಿವರ್ ಬಿದ್ದೇ ಇರುತ್ತೆ! ಡಾಂಬರು ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಕಮ್ಮಿ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತೆ. ಡಾಂಬರಿನಲ್ಲಿ ಜಾರಲ್ಲ, ಒಳಗೆ ಗೇರುಗಳು ಬಿಗಿದುಕೊಳ್ತವೆ. ಟೈರ್ ಸವೆಯುತ್ತೆ, ಕ್ರಾಸ್ ಮುರಿಯುತ್ತೆ, ಲಿವರ್ ಹೊರಕ್ಕೆ ಬರಲ್ಲ. ಅಂಥ ಜೀಪಿಗೆ ಗೇರ್ ಬಾಕ್ಸ್ ಬದಲಾವಣೆ ಬೇಡ, ಓಡಿಸೋರು ಲಿವರ್ ತೆಗೆದರೆ ಸಾಕು.

ಮೊದಲು ಖರ್ಚಿಲ್ಲದ ದಾರಿ

ಯಾರಾದರೂ ಕೇಳಿದರೆ ನಾನು ಹೇಳೋದು, ಮೊದಲು ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಒಂದನ್ನೇ ಬಿಚ್ಚಿ ಅಟ್ಟದ ಮೇಲಿಡಿ. ಜೀಪು ಎರಡು ಚಕ್ರದ್ದಾಯ್ತು. ಹ್ಯಾಂಡ್ ಬ್ರೇಕ್ ಇದ್ದಲ್ಲೇ ಇರುತ್ತೆ, ಹೌಸಿಂಗ್ ಮುಟ್ಟೋದು ಬೇಡ. ಒಂದು ಮಳೆಗಾಲ, ಒಂದು ಹರಾಜು ಹಂಗಾಮು ಓಡಿಸಿ ನೋಡಿ. ನಿಮ್ಮದು ಕೆಂಪು ಮಣ್ಣಾದರೆ ಹೇಗೋ ನಡೆಯುತ್ತೆ. ಎಚ್.ಡಿ. ಕೋಟೆ ಕಡೆ ಕಪ್ಪು ಮಣ್ಣಿನ ಹೊಲಕ್ಕೆ ಮಳೇಲಿ ಇಳಿಯೋರಿಗೆ ಉತ್ತರ ಮೊದಲ ವಾರದಲ್ಲೇ ಸಿಗುತ್ತೆ. ಸಾಲದು ಅನ್ನಿಸಿದರೆ ಶಾಫ್ಟ್ ವಾಪಸ್ ಹಾಕಿಸಿ.

ಒಂದು ಎಚ್ಚರಿಕೆ. ಶಾಫ್ಟ್ ತೆಗೆದಮೇಲೆ ಲೋ ಗೇರ್ ಹಾಕಿ ಸಿಕ್ಕಿಬಿದ್ದ ಟ್ರೈಲರ್ ಎಳೀಬೇಡಿ. ಮುಂದಿನ ಎಳೆತ ಬಿದ್ದ ಮೇಲಷ್ಟೇ ಲೋ ಬೀಳೋ ಹಾಗೆ ಕಂಪೆನಿಯವರು ಒಳಗೆ ತಡೆ ಇಟ್ಟಿರೋದು ಸುಮ್ನೆ ಅಲ್ಲ. ಆ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದರೆ ಅದು ಮುರಿದುಹೋಗಬಹುದು.

ಶಾಫ್ಟ್ ತೆಗೆದರೂ ಮುಂದಿನ ಹೌಸಿಂಗಿನೊಳಗೆ ಆಕ್ಸಲ್, ಕ್ರೌನ್ ಸುತ್ತುತ್ತಲೇ ಇರುತ್ತವೆ. ಅದಕ್ಕೂ ಆಯಿಲ್ ನೋಡ್ತಿರಬೇಕು. ಬೇಡ ಅಂದರೆ ಫ್ರೀ ವೀಲಿಂಗ್ ಹಬ್ ಹಾಕಿಸಬಹುದು. ಬೇಕಾದಾಗ ಕೈಯಲ್ಲೇ ತಿರುಗಿಸಿ ಚಕ್ರಕ್ಕೆ ಆಕ್ಸಲ್ ಸೇರಿಸೋದು, ಬೇಡವಾದಾಗ ಬಿಡಿಸೋದು. ನಾಲ್ಕು ಚಕ್ರವೂ ಉಳಿಯುತ್ತೆ, ಸವೆತವೂ ಕಮ್ಮಿ. ನನಗೆ ಆಗ ಇದು ಗೊತ್ತಿದ್ದರೆ ಗುಜರಿ ಗೇರ್ ಬಾಕ್ಸಿನ ಸಹವಾಸಕ್ಕೇ ಹೋಗ್ತಿರಲಿಲ್ಲ.

ಹಾಗಾದರೆ ಬದಲಾಯಿಸೋದು ಯಾವಾಗ? ಟ್ರಾನ್ಸ್‌ಫರ್ ಕೇಸಿನ ಗೇರು ಪುಡಿಯಾಗಿ, ಒಳ್ಳೇ ಬಿಡಿಭಾಗ ಸಿಗದೆ, ಜೀಪಿನ ಕೆಲಸ ಕಂಪಲಾಪುರದ ಹರಾಜು ಮಾರುಕಟ್ಟೆಗೆ ಬೇಲ್ ಸಾಗಿಸೋದು, ಪೇಟೆಗೆ ಹೋಗಿಬರೋದು ಅಷ್ಟೇ ಅನ್ನೋದಾದರೆ ಬದಲಾಯಿಸಿ. ಆಗ ಗೇರ್ ಬಾಕ್ಸ್, ಹೌಸಿಂಗ್, ಹ್ಯಾಂಡ್ ಬ್ರೇಕ್ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿ. ಅದಕ್ಕೂ ಮುಂಚೆ ಜೀಪನ್ನ ಇದ್ದ ಹಾಗೇ ಮಾರಿದರೆ ಎಷ್ಟು ಬರುತ್ತೆ ಅಂತ ವಿಚಾರಿಸಿ. ಪಕ್ಕದ ಕೊಡಗಿನ ತೋಟದವರಿಗೆ ಕಾಗದಪತ್ರ ಸರಿಯಿರೋ ಫೋರ್ ವೀಲ್ ಜೀಪು ಬೇಕಿರುತ್ತೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಕಂಪೆನಿಯೇ ಎರಡು ಚಕ್ರಕ್ಕೆ ಮಾಡಿದ ಹಳೇ ಪಿಕಪ್ ಸಿಗಬಹುದು.

ಕಾಗದದ ಕೆಲಸವನ್ನೂ ಮರೀಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪೆನಿ ಕೊಟ್ಟದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಿಗಿಯಾಗಿಯೇ ಹೇಳಿತು. ನಿಮ್ಮ ಆರ್‌ಸಿಯಲ್ಲಿ ಏನು ಬರೆದಿದೆ ನೋಡಿಕೊಂಡು, ಕೆಲಸ ಶುರುವಾಗೋ ಮುಂಚೆಯೇ ಹುಣಸೂರಿನ ಆರ್‌ಟಿಒ ಕಚೇರೀಲಿ ಅರ್ಜಿ ಕೊಟ್ಟು ಕೇಳಿ. ಎಫ್‌ಸಿಗೆ ಹೋದಾಗ ಹ್ಯಾಂಡ್ ಬ್ರೇಕ್ ಹಿಡಿಯಲೇಬೇಕು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯೋಕೂ ಈ ಬದಲಾವಣೆ ಒಂದು ನೆಪ ಆದೀತು.

ಕೊನೇದಾಗಿ ಒಂದು ಮಾತು, ಯಾವ ಗ್ಯಾರೇಜಿಂದ ಗಾಡಿ ಬಿಡಿಸಿಕೊಂಡರೂ ದುಡ್ಡು ಕೊಡೋ ಮುಂಚೆ ಏರಿನಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕಿನ ಹತ್ತಿರವೇ ಇಟ್ಟುಕೊಂಡು ನೋಡಿ. ಬೇರೆಯವರು ಯಾರೂ ಗಾಡಿ ಹಿಂದೆ ನಿಂತಿರಬಾರದು.